ಮೈಸೂರೋ, ಬೆಂಗಳೂರೋ? – ಇಂಜಿನಿಯರಿಂಗ್ ವಿದ್ಯೆಗೆ ಹೊರಟ ಹಾಸನ ಸೀಮೆಯ ಮಕ್ಕಳು

ಪಿ.ಯು.ಸಿ. ಫಲಿತಾಂಶ ಪ್ರಕಟವಾಗಿ, ಅದರ ಬೆನ್ನಿಗೇ ಸಿ.ಇ.ಟಿ. ರ‍್ಯಾಂಕು ಕೈಸೇರಿತೆಂದರೆ ನಮ್ಮ ಹಾಸನ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು: ಮೈಸೂರೋ, ಬೆಂಗಳೂರೋ? ಮದುವೆಯ ಮನೆಯಲ್ಲಿಯೂ ಅದೇ, ಸಂತೆಯಲ್ಲಿಯೂ ಅದೇ, ಮಠದ ಪ್ರಸಾದದ ಪಂಕ್ತಿಯಲ್ಲಿ ಕುಳಿತಾಗಲೂ ಅದೇ. ಶಾಸ್ತ್ರ ವ್ಯಾಸಂಗದಲ್ಲಿ ಬೆಳೆದ ನಮಗೂ ಇಂಜಿನಿಯರಿಂಗ್ ಕಾಲೇಜಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿಲ್ಲವೆಂದು ಸುಮ್ಮನಿರಲು ಸದ್ಭಕ್ತರು ಬಿಡರು. ಹೆಣ್ಣು ನೋಡಲು, ಮನೆ ಕಟ್ಟಲು, ಬಾವಿ ತೋಡಲು ಕೇಳುವಂತೆಯೇ ಈಗ ಮಗನನ್ನು ಯಾವ ಕಾಲೇಜಿಗೆ ಸೇರಿಸಬೇಕೆಂದೂ ಕೇಳುತ್ತಾರೆ. ಕೇಳಿದ ಮೇಲೆ ತಿಳಿದು ಹೇಳುವುದು ನಮ್ಮ ಹೊಣೆ. ಆದುದರಿಂದ ಕೆಲವು ವರ್ಷಗಳಿಂದ ಪ್ರವೇಶದ ನಿಯಮಗಳನ್ನೂ, ಪರೀಕ್ಷಾ ಪ್ರಾಧಿಕಾರವು ಹೊರಡಿಸುವ ಪಟ್ಟಿಗಳನ್ನೂ ಓದಿಕೊಂಡು ಬಂದಿದ್ದೇವೆ. ಅದರ ಸಾರವನ್ನು ಈ ಪುಟಗಳಲ್ಲಿ ನಿವೇದಿಸುತ್ತಿದ್ದೇವೆ.

ಮೈಸೂರು ಎಂದಾಗ ನಮ್ಮ ಜನರ ಮನಸ್ಸಿನಲ್ಲಿ ಬಹುಮಟ್ಟಿಗೆ ಇರುವುದು ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು. ಬೆಂಗಳೂರು ಎಂದಾಗ ಕೆ.ಆರ್. ವೃತ್ತದಲ್ಲಿರುವ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜು, ಅಂದರೆ ಯು.ವಿ.ಸಿ.ಇ. ಹಿಂದೆ ಇವೆರಡೂ ಕಾಲೇಜುಗಳು. ಇಂದು ಇವೆರಡೂ ವಿಶ್ವವಿದ್ಯಾಲಯಗಳು. ಮೊದಲನೆಯದನ್ನು 1963ರಲ್ಲಿ ಸ್ಥಾಪಿಸಿದ್ದು ಸುತ್ತೂರು ಕ್ಷೇತ್ರದ ಜಗದ್ಗುರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರ ಜೆ.ಎಸ್.ಎಸ್. ಮಹಾವಿದ್ಯಾಪೀಠ. ಅದು 2016ರಲ್ಲಿ ಜೆ.ಎಸ್.ಎಸ್. ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವಾಯಿತು. ಎರಡನೆಯದು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಹುಟ್ಟಿದ ಸರ್ಕಾರಿ ಕಾಲೇಜು. ಮೊದಲು ಮೈಸೂರು ವಿಶ್ವವಿದ್ಯಾಲಯಕ್ಕೂ, ಅನಂತರ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಸೇರಿದ್ದ ಅದಕ್ಕೆ ರಾಜ್ಯದ ಶಾಸನದ ಮೂಲಕ 2022ರಲ್ಲಿ ಸ್ವಂತ ವಿಶ್ವವಿದ್ಯಾಲಯದ ಪದವಿ ದೊರಕಿತು. ಐ.ಐ.ಟಿ.ಗಳ ಮಾದರಿಯಲ್ಲಿ ಅದನ್ನು ಬೆಳೆಸಬೇಕೆಂಬುದು ಆ ಶಾಸನದ ಉದ್ದೇಶ.

ಸ್ವಂತ ವಿಶ್ವವಿದ್ಯಾಲಯವೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಹಾಸನದ ಕಾಲೇಜಿನವರಿಗೂ ಮೈಸೂರಿನ ಕಾಲೇಜಿನವರಿಗೂ ಪದವಿಪತ್ರ ಬರುತ್ತಿದ್ದುದು ಒಂದೇ ಮೈಸೂರು ವಿಶ್ವವಿದ್ಯಾಲಯದಿಂದ. ಬಳಿಕ ರಾಜ್ಯದ ಬಹುತೇಕ ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ಆಶ್ರಯಕ್ಕೆ ಹೋದವು. ಅಲ್ಲಿ ನೂರಾರು ಕಾಲೇಜುಗಳಿಗೆ ಪಠ್ಯದ ಚೌಕಟ್ಟು ಒಂದೇ. ಸ್ವಂತ ವಿಶ್ವವಿದ್ಯಾಲಯವಾದ ಸಂಸ್ಥೆಯಾದರೋ ತನ್ನ ಪಠ್ಯವನ್ನು ತಾನೇ ರೂಪಿಸಿಕೊಳ್ಳುತ್ತದೆ, ತಾನೇ ಪರೀಕ್ಷೆ ನಡೆಸುತ್ತದೆ, ತನ್ನದೇ ಮುದ್ರೆಯ ಪದವಿಯನ್ನು ಕೊಡುತ್ತದೆ. ಕಲಿಸುವವನೇ ಅಳೆಯುವವನೂ ಆಗುತ್ತಾನೆ. ಒಳ್ಳೆಯ ಗುರುವಿದ್ದಲ್ಲಿ ಇದು ವರ. ಇಲ್ಲದಲ್ಲಿ ಅಳತೆಗೋಲೇ ಸಡಿಲವಾದೀತು. ಆದುದರಿಂದ ಸಂಸ್ಥೆಯ ಹೆಸರಿನ ಮುಂದೆ ವಿಶ್ವವಿದ್ಯಾಲಯವೆಂಬ ಪದ ಸೇರಿದೆಯೆಂದ ಮಾತ್ರಕ್ಕೆ ಮನಸೋಲಬೇಕಾಗಿಲ್ಲ. ಮಗು ಓದಬೇಕೆಂದಿರುವ ವಿಭಾಗದಲ್ಲಿ ಕಲಿಸುವವರೆಷ್ಟು ಮಂದಿ, ಖಾಲಿ ಹುದ್ದೆಗಳೆಷ್ಟು, ಪ್ರಯೋಗಾಲಯ ಹೇಗಿದೆ ಎಂದು ಹೋಗಿ ನೋಡಬೇಕು. ರಾಷ್ಟ್ರೀಯ ಮಾನ್ಯತಾ ಮಂಡಳಿಯು, ಅಂದರೆ ಎನ್.ಬಿ.ಎ., ಮಾನ್ಯತೆ ಕೊಡುವುದು ಇಡೀ ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ. ಒಂದು ವಿಭಾಗಕ್ಕಿದ್ದು ಪಕ್ಕದ ವಿಭಾಗಕ್ಕಿಲ್ಲದಿರಬಹುದು. ಇದನ್ನು ವಿಚಾರಿಸುವವರು ನೂರರಲ್ಲಿ ಒಬ್ಬರೋ ಇಬ್ಬರೋ! ಎಮ್ಮೆ ಕೊಳ್ಳುವಾಗ ಹಲ್ಲು ಎಣಿಸಿ, ಹಾಲು ಹಿಂಡಿಸಿ ನೋಡುವ ನಾವು ಮಗನ ನಾಲ್ಕು ವರ್ಷಗಳನ್ನು ಬಣ್ಣದ ಜಾಹೀರಾತು ನೋಡಿ ಒಪ್ಪಿಸಿಬಿಡುತ್ತೇವೆ. ಅಂಥ ಜಾಹೀರಾತುಗಳಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗುವ ಸಂಬಳ ಯಾರೋ ಒಬ್ಬ ವಿದ್ಯಾರ್ಥಿಯದು. ಸಂಬಳಗಳನ್ನೆಲ್ಲ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಲ್ಲುವವನದು ಎಷ್ಟು ಎಂದು ಕೇಳಿದರೆ ನಿಜವಾದ ಲೆಕ್ಕ ತಿಳಿಯುತ್ತದೆ.

ಈ ಎರಡು ಸಂಸ್ಥೆಗಳ ಪ್ರತಿಷ್ಠೆಯ ಬಗ್ಗೆ ವಾದವಿಲ್ಲ. ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ ಅವರು 1953ರಲ್ಲಿ ಪದವಿ ಪಡೆದು ಹೊರಬಂದದ್ದು ಬೆಂಗಳೂರಿನ ಆ ಹಳೆಯ ಕೆಂಪು ಕಟ್ಟಡದಿಂದ. ನಮ್ಮ ಜಿಲ್ಲೆಯ ಜಾವಗಲ್ಲಿನ ಹೆಸರನ್ನು ಲೋಕಕ್ಕೆಲ್ಲ ಕೇಳಿಸಿದ ಕ್ರಿಕೆಟ್ ಆಟಗಾರ ಜಾವಗಲ್ ಶ್ರೀನಾಥ್ ಅವರು ಇನ್‌ಸ್ಟ್ರುಮೆಂಟೇಶನ್ ವಿಷಯದಲ್ಲಿ ಇಂಜಿನಿಯರಿಂಗ್ ಓದಿದ್ದು ಮೈಸೂರಿನ ಜಯಚಾಮರಾಜೇಂದ್ರ ಕಾಲೇಜಿನಲ್ಲಿ. ಇಂಥ ಹೆಸರುಗಳನ್ನು ಎಣಿಸುತ್ತ ಹೋದರೆ ಎರಡೂ ಕಡೆ ಪಟ್ಟಿ ಉದ್ದವಾಗುತ್ತದೆಯೇ ಹೊರತು ತೀರ್ಮಾನ ದೊರೆಯುವುದಿಲ್ಲ.

ತೀರ್ಮಾನ ದೊರೆಯುವುದು ಬೇರೆ ಕಡೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ನಿಶ್ಚಯವಾಗಬೇಕಾದದ್ದು ಮಗು ಏನನ್ನು ಓದಬೇಕೆಂಬುದು, ಆಮೇಲೆ ಎಲ್ಲಿ ಎಂಬುದು. ನಮ್ಮ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಊರನ್ನು ಮೊದಲು ಆರಿಸಿ, ಆ ಊರಿನಲ್ಲಿ ಸಿಕ್ಕಿದ ವಿಷಯಕ್ಕೆ ಮಗುವನ್ನು ಹೊಂದಿಸುತ್ತೇವೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಇವು ಎರಡೂ ಕಡೆ ಇವೆ. ಮೈಸೂರಿನಲ್ಲಿ ಇವುಗಳ ಜೊತೆಗೆ ಪಾಲಿಮರ್ ವಿಜ್ಞಾನ, ಪರಿಸರ ಇಂಜಿನಿಯರಿಂಗ್, ನಿರ್ಮಾಣ ತಂತ್ರಜ್ಞಾನದಂತಹ ವಿಭಾಗಗಳೂ ಬೆಳೆದಿವೆ. ಬೆಂಗಳೂರಿನಲ್ಲಿ ವಾಸ್ತುಶಿಲ್ಪದ ಪದವಿಯೂ ಉಂಟು. ಕಂಪ್ಯೂಟರ್ ಒಂದೇ ವಿದ್ಯೆ, ಉಳಿದವೆಲ್ಲ ಅದು ಸಿಗದವರ ಪಾಲು ಎಂಬ ಭಾವನೆ ಹಳ್ಳಿ ಹಳ್ಳಿಗೂ ಹಬ್ಬಿರುವುದು ನಮಗೆ ಸರಿಯೆನಿಸದು.

ಒಂದು ಕುಟುಂಬದ ಸಂಗತಿಯನ್ನು ಹೇಳುತ್ತೇವೆ, ಹೆಸರು ಬೇಡ. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪು ಬೆಳೆಯುವ ರೈತರು ಅವರು. ಮಗಳು ಹಳ್ಳಿಯ ಶಾಲೆಯಲ್ಲಿಯೇ ಹತ್ತನೆಯ ತರಗತಿ ಮುಗಿಸಿ, ಹಾಸನದಲ್ಲಿ ಪಿ.ಯು.ಸಿ. ಓದಿ ಒಳ್ಳೆಯ ರ‍್ಯಾಂಕು ತೆಗೆದುಕೊಂಡಿದ್ದಳು. ಆಕೆಗೆ ಸಿವಿಲ್ ಇಂಜಿನಿಯರಿಂಗ್ ಬೇಕು. ಕಾರಣ ಕೇಳಿದರೆ, ನಾಲೆಯ ನೀರು ತಮ್ಮ ಹೊಲದ ಅಂಚಿಗೆ ಬರುವ ಮೊದಲೇ ಏಕೆ ನಿಂತುಹೋಗುತ್ತದೆ ಎಂದು ಸಣ್ಣವಳಿದ್ದಾಗಿನಿಂದ ತನಗೆ ಕುತೂಹಲವೆಂದಳು. ತಂದೆಯ ಆಸೆ ಬೇರೆ. ಬೆಂಗಳೂರಿನಲ್ಲಿರುವ ಭಾವಮೈದುನರ ಮಾತು ಕೇಳಿ, ಒಂದು ಎಕರೆ ಮಾರಿ ಅಲ್ಲಿಯದೊಂದು ಖಾಸಗಿ ಕಾಲೇಜಿನಲ್ಲಿ ಆಡಳಿತ ಮಂಡಳಿಯ ಕೋಟಾದ ಕಂಪ್ಯೂಟರ್ ಸೀಟು ಕೊಡಿಸಬೇಕೆಂದು ಅವರು ಮುಂಗಡದ ಮಾತನ್ನೂ ಆಡಿ ಬಂದಿದ್ದರು. ತಾಯಿ ಮಾತ್ರ ಏನೂ ಹೇಳದೆ ಕುಳಿತಿದ್ದರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಜಮೀನು ಮಾರಿ ಓದಿಸಿದ ಮೇಲೆ ಇವಳಿಗೆ ಆ ಕೆಲಸ ಬೇಡವೆನ್ನಿಸಿದರೆ, ಬೇಡವೆನ್ನಲು ಬಾಯಿ ಬರುತ್ತದೆಯೇ ಬುದ್ಧಿ?"

ಆ ಪ್ರಶ್ನೆಗೆ ಅಲ್ಲಿದ್ದ ಯಾರಲ್ಲಿಯೂ ಉತ್ತರವಿರಲಿಲ್ಲ. ಜಮೀನಿನ ಋಣವನ್ನು ಮಗುವಿನ ಹೆಗಲ ಮೇಲೆ ಹೊರಿಸಿ ಕಳುಹಿಸಿದರೆ ಅದು ಓದುವುದು ವಿದ್ಯೆಯನ್ನಲ್ಲ, ಸಾಲದ ಲೆಕ್ಕವನ್ನು. ಎಕರೆಯನ್ನು ಮಾರಕೂಡದೆಂದು ನಾವು ಸ್ಪಷ್ಟವಾಗಿ ಹೇಳಿದೆವು. ಇನ್ನೊಂದು ಮಾತನ್ನೂ ನೆನಪಿಸಿದೆವು. ಶುಲ್ಕ ಕಟ್ಟಬೇಕಾದ ಕಾಲ ಮಳೆಗಾಲದ ನಡುವೆ ಬರುತ್ತದೆ. ರಾಮನಾಥಪುರದ ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಹರಾಜು ಆರಂಭವಾಗಿ ಕೈಗೆ ಹಣ ಬರುವುದು ಅದಾದ ಮೇಲೆ. ಹಾಸನದ ಆಲೂಗಡ್ಡೆ ಇನ್ನೂ ಮಣ್ಣಿನಲ್ಲಿರುತ್ತದೆ. ಅಂಗಮಾರಿ ರೋಗ ಬಿದ್ದರೆ ಅದೂ ಇಲ್ಲ. ಚನ್ನರಾಯಪಟ್ಟಣದ ಕಡೆಯವರಿಗೆ ಕೊಬ್ಬರಿಯುಂಟು, ಆದರೆ ಅದರ ಧಾರಣೆಯನ್ನು ನಂಬಿ ಕುಳಿತವರು ಯಾರು? ಆದುದರಿಂದ ನಾಲ್ಕು ವರ್ಷದ ಶುಲ್ಕ, ಊಟ, ವಸತಿ ಎಲ್ಲವನ್ನೂ ಮೊದಲೇ ಕೂಡಿಸಿ ನೋಡಿ, ಪ್ರತಿ ವರ್ಷ ಯಾವ ತಿಂಗಳು ಎಷ್ಟು ಬೇಕೆಂದು ಬರೆದಿಟ್ಟುಕೊಳ್ಳುವುದು ಅವಶ್ಯ. ಕಡಿಮೆ ಬಿದ್ದರೆ ಬ್ಯಾಂಕಿನ ಶಿಕ್ಷಣ ಸಾಲವುಂಟು. ಸಾಲ ಖಾತರಿ ಯೋಜನೆಯಡಿ ಏಳೂವರೆ ಲಕ್ಷ ರೂಪಾಯಿಗಳವರೆಗೆ ಜಮೀನಿನ ಅಡಮಾನವನ್ನು ಕೇಳುವಂತಿಲ್ಲ. 2020ರಲ್ಲಿ ಸ್ಥಾಪನೆಯಾದ ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಲ್ಲಿಯೂ ವಿದ್ಯಾರ್ಥಿಗಳಿಗೆ ಸಾಲದ ಯೋಜನೆಯಿದೆ. ಎಕರೆಗೆ ಗಿರಾಕಿ ಹುಡುಕುವ ಮೊದಲು ಈ ಎರಡು ಬಾಗಿಲುಗಳನ್ನು ತಟ್ಟಬೇಕು.

ಶುಲ್ಕದ ಅಂಕಿಗಳು ವರ್ಷ ವರ್ಷಕ್ಕೂ ಬದಲಾಗುವುದರಿಂದ ಇಲ್ಲಿ ಅಚ್ಚು ಮಾಡುವುದಿಲ್ಲ. ಪ್ರಾಧಿಕಾರದ ಆಯಾ ವರ್ಷದ ಪಟ್ಟಿಯನ್ನೇ ನೋಡಬೇಕು. ಸರ್ಕಾರಿ ಸಂಸ್ಥೆಯಾದ ಯು.ವಿ.ಸಿ.ಇ.ಯ ಶುಲ್ಕ ಖಾಸಗಿ ಸಂಸ್ಥೆಗಳಿಗಿಂತ ಬಹಳ ಕಡಿಮೆ. ಮೈಸೂರಿನಲ್ಲಿ ಹಾಗಲ್ಲ. ಅಲ್ಲಿ ಸರ್ಕಾರದ ಅನುದಾನವುಳ್ಳ ವಿಭಾಗಗಳಿಗೆ ಒಂದು ದರ, ಅನುದಾನವಿಲ್ಲದವಕ್ಕೆ ಇನ್ನೊಂದು ದರ. ಒಂದೇ ಆವರಣದ ಎರಡು ತರಗತಿಗಳ ನಡುವೆ ಶುಲ್ಕದ ಅಂತರ ದೊಡ್ಡದಿರುತ್ತದೆ. ಆಡಳಿತ ಮಂಡಳಿಯ ಸೀಟಿನ ಮಾತಂತೂ ಬೇರೆಯೇ.

ವಸತಿಯ ಪ್ರಶ್ನೆಯಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಮೈಸೂರಿನ ವಿಶ್ವವಿದ್ಯಾಲಯವು ಮಾನಸಗಂಗೋತ್ರಿಯ ನೆರೆಯಲ್ಲಿ, ಮರಗಿಡಗಳ ನಡುವೆ ಇದೆ. ಹಳ್ಳಿಯಿಂದ ಮೊದಲ ಬಾರಿ ಹೊರಟ ಮಗುವಿಗೆ ಆ ಊರಿನ ಅಳತೆ ಹಿಡಿತಕ್ಕೆ ಸಿಗುತ್ತದೆ. ಕೆ.ಆರ್. ವೃತ್ತವಾದರೋ ಮಹಾನಗರದ ನಡುಹೊಟ್ಟೆ. ಅಲ್ಲಿ ಓದುವವರು ಎಲ್ಲಿ ಉಳಿಯಬೇಕು, ದಿನಕ್ಕೆ ಎಷ್ಟು ಹೊತ್ತು ಬಸ್ಸಿನಲ್ಲಿ ಕಳೆಯಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಬೆಂಗಳೂರು ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವನ್ನೂ, ಅವರ ಧರ್ಮಸಂಸ್ಥೆ ನಡೆಸುವ ವಿದ್ಯಾರ್ಥಿನಿಲಯವನ್ನೂ ಬಲ್ಲ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಮೈಸೂರಿನಲ್ಲಿ ಸುತ್ತೂರು ಶ್ರೀಗಳವರು 1940ರ ದಶಕದಲ್ಲಿಯೇ ಬಡ ವಿದ್ಯಾರ್ಥಿಗಳಿಗೆ ಊಟ ವಸತಿ ಏರ್ಪಡಿಸಿದ್ದರು. ಅನ್ನ ದೊರೆತರೆ ವಿದ್ಯೆ ತಾನಾಗಿ ಬರುತ್ತದೆಂದು ತಿಳಿದಿದ್ದ ಮಹನೀಯರು ಅವರು. ಇಂಥ ನಿಲಯಗಳ ಅರ್ಜಿಗೆ ಬೇರೆಯೇ ದಿನಾಂಕವಿರುತ್ತದೆ, ಸೀಟು ಸಿಕ್ಕಿದ ಮೇಲೆ ಹೋದರೆ ತಡವಾಗಿರುತ್ತದೆ. ಬಂಧುಗಳ ಮನೆಯಲ್ಲಿ ಬಿಡುತ್ತೇವೆನ್ನುವವರಿಗೆ ಒಂದು ಮಾತು: ಬಂಧುಗಳು ಎಷ್ಟೇ ಒಳ್ಳೆಯವರಿರಲಿ, ನಾಲ್ಕು ವರ್ಷ ಬಹು ದೀರ್ಘಕಾಲ!

ದಾರಿಯೂ ಸಣ್ಣ ವಿಷಯವಲ್ಲ. ಹೊಳೆನರಸೀಪುರದವರಿಗೆ ಮೈಸೂರು ಸಹಜ. ಹಾಸನದಿಂದ ಮೈಸೂರಿಗೆ ಹೋಗುವ ಅರಸರ ಕಾಲದ ರೈಲು ಮಾರ್ಗ ಅವರ ಊರಿನ ಮೇಲೆಯೇ ಹೋಗುತ್ತದೆ. ಚನ್ನರಾಯಪಟ್ಟಣದವರಿಗೆ ಬೆಂಗಳೂರು ಸಹಜ. ಹೆದ್ದಾರಿ ಹಿಂದಿನಿಂದಲೂ ಇತ್ತು, ಶ್ರವಣಬೆಳಗೊಳದ ಮೇಲೆ ಹೋಗುವ ಹಾಸನ–ಬೆಂಗಳೂರು ರೈಲು ಮಾರ್ಗ 2017ರಲ್ಲಿ ಪೂರ್ಣವಾಗಿ ತೆರೆಯಿತು. ಹಾಸನಕ್ಕೆ ಎರಡೂ ಇವೆ: ಮೈಸೂರು ಸುಮಾರು 120 ಕಿಲೋಮೀಟರು, ಬೆಂಗಳೂರು ಸುಮಾರು 185. ಅರಕಲಗೂಡಿಗೆ ಮಾತ್ರ ರೈಲೇ ಇಲ್ಲ. ಅಲ್ಲಿಯ ಮಕ್ಕಳಿಗೆ ಎಲ್ಲಿಗೆ ಹೋಗಬೇಕಾದರೂ ಮೊದಲು ಒಂದು ಬಸ್ಸು. ಹಬ್ಬಕ್ಕೆ ಮನೆಗೆ ಬರುವುದು, ಜ್ವರ ಬಂದಾಗ ತಂದೆ ಹೋಗಿ ನೋಡಿಬರುವುದು, ಇವೆಲ್ಲ ಈ ದಾರಿಯ ಮೇಲೆ ನಿಂತಿವೆ.

ನಮ್ಮ ಸಮಾಜದ ಮನೆಗಳಲ್ಲಿ ಮಾತ್ರ ಕೇಳಿಬರುವ ಒಂದು ವಾದವನ್ನೂ ಇಲ್ಲಿ ಪರಿಶೀಲಿಸಬೇಕು. "ಮೈಸೂರಿನದು ನಮ್ಮ ಮಠದ್ದು, ಅಲ್ಲಿಗೇ ಕಳುಹಿಸಬೇಕು" ಎನ್ನುವವರುಂಟು. ಮಠದ ಮೇಲಿನ ಭಕ್ತಿ ದೊಡ್ಡದು. ಆದರೆ ಸೀಟು ಆರಿಸುವುದು ಭಕ್ತಿಯನ್ನು ತೋರಿಸುವ ಸ್ಥಳವಲ್ಲ. ಆ ವಿದ್ಯಾಸಂಸ್ಥೆ ಎಲ್ಲ ಜಾತಿ ಮತಗಳ ಮಕ್ಕಳಿಗೂ ತೆರೆದಿದೆ, ಕಟ್ಟಿದವರ ಆಶಯವೂ ಅದೇ ಆಗಿತ್ತು. ನಮ್ಮವರೆಂಬ ಕಾರಣಕ್ಕೆ ಬೇಡದ ವಿಷಯಕ್ಕೆ ಮಗುವನ್ನು ನೂಕಿದರೆ ಮಠಕ್ಕೂ ಹಿತವಿಲ್ಲ, ಮಗುವಿಗೂ ಹಿತವಿಲ್ಲ. ಬೆಂಗಳೂರಿನ ಹೆಸರಿಗಾಗಿ ಹಂಬಲಿಸುವವರಿಗೂ ಇದೇ ಉತ್ತರ. ಎನ್.ಆರ್. ನಾರಾಯಣ ಮೂರ್ತಿಯವರು ಐ.ಐ.ಟಿ. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ, ಉಪಾಧ್ಯಾಯರಾಗಿದ್ದ ತಂದೆಗೆ ಅಲ್ಲಿಯ ಖರ್ಚು ಭರಿಸಲಾಗದೆ ಮೈಸೂರಿನ ಎನ್.ಐ.ಇ. ಸೇರಿದರು. 1967ರಲ್ಲಿ ಅಲ್ಲಿ ಪದವಿ ಪಡೆದು, ಅನಂತರ ಕಾನ್ಪುರದ ಐ.ಐ.ಟಿ.ಯಲ್ಲಿ ಸ್ನಾತಕೋತ್ತರ ಪದವಿ ಮಾಡಿದರು. ಮೊದಲು ಮುಚ್ಚಿದ ಬಾಗಿಲು ಆಮೇಲೆ ತೆರೆಯುವುದುಂಟು.

ಈಗ ಎಲ್ಲಕ್ಕಿಂತ ಮುಖ್ಯವಾದ, ಆದರೆ ಎಲ್ಲಕ್ಕಿಂತ ಕಡಿಮೆ ಜನ ಗಮನಿಸುವ ಸಂಗತಿ. ಎರಡು ವಿಶ್ವವಿದ್ಯಾಲಯಗಳು ಎರಡು ಕೈಗಳಲ್ಲಿ ಎರಡು ಸೀಟು ಹಿಡಿದು ನಿಂತು ಯಾವುದು ಬೇಕೆಂದು ನಮ್ಮನ್ನು ಕೇಳುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ನಾವು ಬರೆದುಕೊಡುವ ಆಯ್ಕೆಯ ಪಟ್ಟಿಯ ಕ್ರಮದಲ್ಲಿಯೇ ತೀರ್ಮಾನ ಆಗಿಹೋಗುತ್ತದೆ. ಪಿ.ಯು.ಸಿ. ಅಂಕಗಳಿಗೂ ಸಿ.ಇ.ಟಿ. ಅಂಕಗಳಿಗೂ ಸಮಪಾಲು ಕೊಟ್ಟು ರ‍್ಯಾಂಕು ಮಾಡುತ್ತಾರೆ. ರ‍್ಯಾಂಕಿನ ಸರದಿ ಬಂದಾಗ ಗಣಕಯಂತ್ರವು ಪಟ್ಟಿಯ ಮೊದಲ ಸಾಲಿನಿಂದ ಆರಂಭಿಸಿ, ಯಾವ ಸಾಲಿನಲ್ಲಿ ಸೀಟು ಉಳಿದಿದೆಯೋ ಅಲ್ಲಿ ನಿಲ್ಲುತ್ತದೆ. ಕೆಳಗಿನ ಸಾಲುಗಳನ್ನು ಅದು ನೋಡುವುದೇ ಇಲ್ಲ. ಆದುದರಿಂದ "ಇದು ಹೇಗೂ ಸಿಗುತ್ತದೆ, ಇದನ್ನೇ ಮೇಲೆ ಬರೆಯೋಣ" ಎಂದು ಹೆದರಿ ಬರೆದವರು ತಾವಾಗಿ ತಮಗೆ ಬೇಕಾದುದನ್ನು ಕಳೆದುಕೊಳ್ಳುತ್ತಾರೆ. ಸಿಗದೆಂದು ತೋರುವುದನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುವುದಿಲ್ಲ. ಮನಸ್ಸಿನಲ್ಲಿ ಯಾವ ಕ್ರಮವೋ ಕಾಗದದಲ್ಲಿಯೂ ಅದೇ ಕ್ರಮ. ಹಿಂದಿನ ವರ್ಷ ಯಾವ ಕಾಲೇಜಿನ ಯಾವ ವಿಭಾಗಕ್ಕೆ ಯಾವ ಪ್ರವರ್ಗದಲ್ಲಿ ಎಷ್ಟನೆಯ ರ‍್ಯಾಂಕಿನವರೆಗೆ ಸೀಟು ದೊರೆಯಿತೆಂಬುದನ್ನು ಪ್ರಾಧಿಕಾರವೇ ಪ್ರಕಟಿಸುತ್ತದೆ. ಅದನ್ನು ಎದುರಿಗಿಟ್ಟುಕೊಂಡು, ಆಸೆಯ ಸಾಲುಗಳ ಕೆಳಗೆ ಭರವಸೆಯ ಸಾಲುಗಳನ್ನೂ ಸಾಕಷ್ಟು ಬರೆಯಬೇಕು.

ಅರಕಲಗೂಡಿನ ಆ ಹುಡುಗಿ ಬರೆದದ್ದು ಹೀಗೆ: ಮೊದಲು ಯು.ವಿ.ಸಿ.ಇ. ಸಿವಿಲ್, ಎರಡನೆಯದು ಜೆ.ಎಸ್.ಎಸ್. ಸಿವಿಲ್, ಮೂರನೆಯದು ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ಸಿವಿಲ್. ಕಂಪ್ಯೂಟರ್ ಎಂಬ ಪದವೇ ಪಟ್ಟಿಯಲ್ಲಿರಲಿಲ್ಲ. ಮೊದಲ ಸುತ್ತಿನಲ್ಲಿ ಮೂರನೆಯದು ಬಂತು. ಅದನ್ನು ಬಿಡದೆ ಹಿಡಿದುಕೊಂಡು ಮುಂದಿನ ಸುತ್ತಿಗೆ ಕಾಯುವ ಅವಕಾಶ ನಿಯಮದಲ್ಲಿಯೇ ಇದೆ, ಹಾಗೆ ಕಾದಳು. ಎರಡನೆಯ ಸುತ್ತಿನಲ್ಲಿ ಮೈಸೂರು ದೊರೆಯಿತು. ಮೇಲಿನ ಸಾಲಿನದು ದೊರೆತ ಕೂಡಲೇ ಕೆಳಗಿನದು ತಾನಾಗಿ ರದ್ದಾಗುತ್ತದೆ, ಆಮೇಲೆ ಹಳೆಯದೇ ಬೇಕೆಂದರೆ ಬಾರದು. ಆದುದರಿಂದ ನಿಜವಾಗಿ ಹೋಗುವ ಮನಸ್ಸಿಲ್ಲದ ಕಾಲೇಜನ್ನು ಮೇಲೆ ಬರೆಯಕೂಡದು. ಎಕರೆ ಉಳಿಯಿತು. ತಂದೆಗೆ ಇನ್ನೂ ಸ್ವಲ್ಪ ಅಸಮಾಧಾನವಿದೆ, ಭಾವಮೈದುನರಿಗೆ ಬಹಳವೇ ಇದೆ. ಹುಡುಗಿ ಮಾತ್ರ ಮೊನ್ನೆ ಊರಿಗೆ ಬಂದವಳು ನಾಲೆಯ ತೂಬಿನ ಬಳಿ ಅಳತೆಯ ಪಟ್ಟಿ ಹಿಡಿದು ನಿಂತಿದ್ದಳೆಂದು ತಾಯಿ ಹೇಳಿದರು.

ಆಕೆಯ ಮೂರನೆಯ ಸಾಲಿನ ಬಗ್ಗೆಯೂ ಹೇಳದೆ ಹೋದರೆ ಅನ್ಯಾಯವಾದೀತು. ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಲ್ಲಿ, ಅಂದರೆ ಮೈಸೂರಿನ ಜಯಚಾಮರಾಜೇಂದ್ರ ಕಾಲೇಜಿಗಿಂತ ಮೂರು ವರ್ಷ ಮೊದಲೇ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನೆರವಿನಿಂದ ಹುಟ್ಟಿದ ಸಂಸ್ಥೆ. ನಮ್ಮ ಜಿಲ್ಲೆಯವರು ಅದನ್ನು ಹಿತ್ತಿಲ ಗಿಡವೆಂದು ಉಪೇಕ್ಷಿಸುವುದನ್ನು ಕಂಡು ನಮಗೆ ಖೇದವೆನಿಸುತ್ತದೆ. ಮನೆಯಿಂದಲೇ ಹೋಗಿಬರುವ ಹಾಸನದ ಹುಡುಗನಿಗೆ ಉಳಿಯುವ ವಸತಿಯ ಹಣ ನಾಲ್ಕು ವರ್ಷದಲ್ಲಿ ಎಷ್ಟಾಗುತ್ತದೆಂದು ಕೂಡಿಸಿ ನೋಡಿದವರಿಗೆ ಗೊತ್ತು. ಪಿ.ಯು.ಸಿ.ಯಲ್ಲಿ ಹಿಂದೆ ಬಿದ್ದವರಿಗೂ ದಾರಿ ಮುಚ್ಚಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದವರು. 1996ರಲ್ಲಿ ದೇಶದ ಪ್ರಧಾನಿಯಾದರು. ಇಂದು ಡಿಪ್ಲೊಮಾ ಮುಗಿಸಿದವರು ಪ್ರತ್ಯೇಕ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು.

ಇನ್ನು ಕಾಗದಪತ್ರಗಳು. ನಮ್ಮ ಸಮಾಜದವರು 3ಬಿ ಪ್ರವರ್ಗದಲ್ಲಿ ಸೀಟು ಕೇಳಬೇಕಾದರೆ ತಹಸೀಲ್ದಾರರ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಅದರ ಮೇಲಿನ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ತಪ್ಪಿಲ್ಲದೆ ತುಂಬಬೇಕು. ಒಂದನೆಯ ತರಗತಿಯಿಂದ ಹತ್ತನೆಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15ರಷ್ಟೂ, ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರಷ್ಟೂ ಸೀಟುಗಳು ಮೀಸಲು. ಗ್ರಾಮೀಣ ವ್ಯಾಸಂಗದ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಇರಬೇಕು. ಎಂಟನೆಯ ತರಗತಿಗೆಂದು ಮಗುವನ್ನು ಹಳ್ಳಿಯಿಂದ ಹಾಸನ ಪಟ್ಟಣಕ್ಕೆ ತಂದು ಸೇರಿಸಿದವರು ಏಳು ವರ್ಷದ ಹಳ್ಳಿಯ ಓದಿದ್ದರೂ ಈ ಮೀಸಲಾತಿಯನ್ನು ಕಳೆದುಕೊಂಡಿರುತ್ತಾರೆ. ಸಣ್ಣ ಮಕ್ಕಳಿರುವ ಮನೆಯವರು ಇದನ್ನು ಈಗಲೇ ಗಮನಿಸುವುದು ಒಳಿತು. ಪತ್ರಗಳನ್ನು ಫಲಿತಾಂಶಕ್ಕೆ ಕಾಯದೆ ಬೇಸಿಗೆಯಲ್ಲಿಯೇ ಮಾಡಿಸಿಟ್ಟುಕೊಳ್ಳಬೇಕು; ಫಲಿತಾಂಶದ ವಾರದಲ್ಲಿ ತಾಲ್ಲೂಕು ಕಚೇರಿಯ ಮುಂದೆ ನಿಲ್ಲುವ ಸಾಲನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆಯ್ಕೆಯ ಪಟ್ಟಿಯನ್ನು ಸೈಬರ್ ಅಂಗಡಿಯಲ್ಲಿ ಕುಳಿತವರ ಕೈಗೆ ಬಿಟ್ಟುಬಿಡದೆ ಮಗುವೇ ತನ್ನ ಕೈಯಾರೆ ತುಂಬಲಿ, ತುಂಬಿದ ಮೇಲೆ ಒಂದು ಪ್ರತಿಯನ್ನು ಮುದ್ರಿಸಿಕೊಂಡು ತಂದೆತಾಯಿಗಳೊಡನೆ ಸಾಲು ಸಾಲಾಗಿ ಓದಲಿ, ಆಮೇಲೆ ಮನೆಯಲ್ಲಿ ಜಮೀನಿನ ಪತ್ರಗಳಿರುವ ಪೆಟ್ಟಿಗೆಯಲ್ಲಿಯೇ ಅದನ್ನೂ ಇಡಲಿ.